ಶಸ್ತ್ರಕ್ಕೆ ಸಿಕ್ಕದ ಸಿಹಿ

ಹತ್ತನೆಯ ಶತಮಾನದಲ್ಲಿ ಸ್ಪೇನ್ ದೇಶದ ಉತ್ತರಭಾಗದಲ್ಲಿ ಲಿಯೋನ್ ಎಂಬ ರಾಜ್ಯವಿದ್ದಿತು. ಅದರ ದೊರೆ ಒಂದನೆಯ ಸಾಂಚೊ. ಚರಿತ್ರೆ ಅವನಿಗೆ ಉಳಿಸಿಕೊಟ್ಟಿರುವ ಬಿರುದು 'ದಪ್ಪ ಸಾಂಚೊ' ಎಂದು. ಶಾಸನಗಳಲ್ಲಿ ಗಂಡಭೇರುಂಡ, ಅರಿರಾಯವಿಭಾಡ ಮೊದಲಾದ ಬಿರುದುಗಳನ್ನೋದಿ ಅಭ್ಯಾಸವಾದ ನಮಗೆ ಇದು ವಿಚಿತ್ರವಾಗಿ ಕಾಣಬಹುದು; ಆದರೆ ಅವನ ಪಾಲಿಗೆ ಅದು ನಗುವಂಥ ಸಂಗತಿಯಾಗಿರಲಿಲ್ಲ. ಮೈಭಾರ ಮಿತಿಮೀರಿ ರಾಜಕಾರ್ಯಕ್ಕೆ ಅಸಮರ್ಥನಾದನೆಂದು 958ರಲ್ಲಿ ಅವನ ಸರದಾರರು ಅವನನ್ನು ಪಟ್ಟದಿಂದಿಳಿಸಿದರು. ಅಜ್ಜಿಯಾದ ನವಾರದ ರಾಣಿ ತೋದಾ ಮೊಮ್ಮಗನನ್ನು ಕರೆದುಕೊಂಡು ಕಾರ್ಡೋಬಾದ ಖಲೀಫನ ಆಸ್ಥಾನಕ್ಕೆ ಹೋದಳು. ಅಲ್ಲಿದ್ದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಚಿಕಿತ್ಸೆ ಮಾಡಿದನು. ಸಾಂಚೊ ಇಳಿದನು, 960ರ ಸುಮಾರಿಗೆ ಸಿಂಹಾಸನವನ್ನೂ ಮರಳಿ ಪಡೆದನು. ಅವನ ತುಟಿಗಳನ್ನು ಹೊಲಿದು, ಕೊಳವೆಯ ಮೂಲಕ ದ್ರವವನ್ನು ಮಾತ್ರ ಕುಡಿಸುತ್ತಿದ್ದರೆಂದು ಬಳಿಕ ಒಂದು ಕಥೆ ಹುಟ್ಟಿಕೊಂಡಿದೆ. ಇದನ್ನು ನಂಬಬೇಕಾದುದಿಲ್ಲ. ಆದರೂ ಕಥೆಯಲ್ಲಿ ಒಂದು ಸೂಕ್ಷ್ಮವುಂಟು: ತುಟಿ ಹೊಲಿದರೂ ಕೊಳವೆಗೆ ದಾರಿ ಬಿಡಬೇಕು, ಕಷಾಯ ಇಳಿಯುವ ಕೊಳವೆಯಲ್ಲಿ ಪಾನಕವೂ ಇಳಿದೀತು. ಸಾವಿರ ವರ್ಷಗಳಾದ ಮೇಲೆ ಅಮೆರಿಕದ ಶಸ್ತ್ರವೈದ್ಯರು ಎಡವಿದುದು ಈ ಕಲ್ಲನ್ನೇ.

ಸ್ಥೌಲ್ಯದ ವಿಚಾರ ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ನಿಂದಿತ ಶರೀರಗಳನ್ನು ಹೇಳುವ ಅಧ್ಯಾಯವೊಂದುಂಟು. ಅದರಲ್ಲಿ ಅತಿಸ್ಥೂಲನೂ ಒಬ್ಬ. ಅತಿಯಾಗಿ ಉಣ್ಣುವುದು, ಗುರುವೂ ಮಧುರವೂ ಆದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ ಇವು ಅಲ್ಲಿ ಹೇಳಿರುವ ಕಾರಣಗಳಲ್ಲಿ ಸೇರಿವೆ. ತಂದೆತಾಯಿಗಳಿಂದ ಬರುವ ಬೀಜಸ್ವಭಾವವನ್ನೂ ಗ್ರಂಥಕಾರ ಮರೆತಿಲ್ಲ. ಈ ಕೊನೆಯ ಮಾತನ್ನು, ದಪ್ಪಗಿರುವವರನ್ನು ಕಂಡೊಡನೆ ಉಪದೇಶಕ್ಕೆ ತೊಡಗುವವರು ಗಮನಿಸಬೇಕು.

ಬೊಜ್ಜಿಗಾಗಿ ಶಸ್ತ್ರ ಹಿಡಿದುದು 1950ರ ದಶಕದಲ್ಲಿ. ಮಿನೆಸೋಟ ವಿಶ್ವವಿದ್ಯಾಲಯದ ವೈದ್ಯರು ಸಣ್ಣಕರುಳಿನ ಬಹುಭಾಗವನ್ನು ಬದಿಗಿಟ್ಟು, ಅದರ ಮೊದಲನ್ನೂ ಕೊನೆಯನ್ನೂ ಜೋಡಿಸುವ ವಿಧಾನವನ್ನು 1954ರಲ್ಲಿ ಪ್ರಕಟಿಸಿದರು. ಉಂಡದ್ದು ಮೈಗೆ ಹತ್ತದೆ ಹೊರಗೆ ಹೋಗಬೇಕೆಂಬುದು ಅದರ ತತ್ತ್ವ. ತೂಕವೇನೋ ಇಳಿಯಿತು; ಜೊತೆಗೆ ಯಕೃತ್ತು ಕೆಟ್ಟಿತು, ಮೂತ್ರಪಿಂಡಗಳಲ್ಲಿ ಕಲ್ಲು ಬೆಳೆಯಿತು. 1980ರ ಹೊತ್ತಿಗೆ ಅದನ್ನು ಹೆಚ್ಚುಕಡಮೆ ಕೈಬಿಟ್ಟರು.

ಬೇರೊಂದು ದಾರಿಯನ್ನು ತೋರಿಸಿದವರು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಜಠರದ ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡ ಹೆಂಗಸರು ಮತ್ತೆ ಮೈತುಂಬಿಕೊಳ್ಳುವುದಿಲ್ಲವೆಂಬುದನ್ನು ಅವರು ಗಮನಿಸಿದ್ದರು. ಅದನ್ನೇ ಹಿಡಿದು, 1966ರಲ್ಲಿ, ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲವನ್ನು ಬೇರ್ಪಡಿಸಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಿದರು. ಇದೇ ಬೈಪಾಸ್.

ಇಲ್ಲಿ ಸಿಹಿಯ ಪ್ರಸಂಗ ಬರುತ್ತದೆ. ಹುಣ್ಣಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಕೆಲವರಿಗೆ ಊಟವಾದ ಸ್ವಲ್ಪ ಹೊತ್ತಿಗೇ ಬೆವರು, ಎದೆಬಡಿತ, ತಲೆಸುತ್ತು, ಹೊಟ್ಟೆನುಲಿತ ಬರುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. 1922ರಷ್ಟು ಹಿಂದೆಯೇ ಅದಕ್ಕೆ 'ಡಂಪಿಂಗ್' ಎಂಬ ಹೆಸರು ಬಳಕೆಗೆ ಬಂದಿತ್ತು. ಗಾಡಿಯಿಂದ ಸರಕನ್ನು ಒಮ್ಮೆಲೆ ಸುರಿದಂತೆ ಎಂದು ತಿಳಿದುಕೊಳ್ಳಬಹುದು. ಸಕ್ಕರೆಯ ಪದಾರ್ಥ ಜಠರದಲ್ಲಿ ನಿಲ್ಲದೆ ಕರುಳಿಗೆ ಸುರಿದಾಗ ಅದು ಸುತ್ತಲಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಮೈ ಕಂಗೆಡುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಮೇಲೆ ಇನ್ನೊಂದು ಕಾಟ: ಇನ್ಸುಲಿನ್ ಅಧಿಕವಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿದು ನಡುಕ ಬರುತ್ತದೆ. ಆ ನಡುಕಕ್ಕೆ ಮತ್ತೆ ಸಿಹಿಯೇ ಬೇಕೆನ್ನಿಸುತ್ತದೆ! ಹುಣ್ಣಿನ ರೋಗಿಗೆ ಬರಿಯ ಕಾಟವಾಗಿದ್ದ ಈ ಡಂಪಿಂಗು ಬೊಜ್ಜಿನ ರೋಗಿಗೆ ಕಾವಲುಗಾರನಾಗಿ ಒದಗಿತು.

ಮೇಸನ್ನರು ಅಲ್ಲಿಗೆ ನಿಲ್ಲಲಿಲ್ಲ. ಕರುಳಿನ ಗೊಡವೆಗೆ ಹೋಗದೆ, ಜಠರದ ಮೇಲ್ಭಾಗವನ್ನು ಮಾತ್ರ ಕಿರಿದುಮಾಡಿ ಅದರ ಬಾಯಿಗೆ ಪಟ್ಟಿ ಕಟ್ಟುವ ಸುಲಭವಾದ ವಿಧಾನವನ್ನು 1980ರಲ್ಲಿ ಆರಂಭಿಸಿದರು. ಅದು ಬೇಗನೆ ಜನಪ್ರಿಯವಾಯಿತು. ಆದರೆ ಕಿರಿದಾದ ಆ ಬಾಯಲ್ಲಿ ರೊಟ್ಟಿಯೂ ಮಾಂಸವೂ ತಡೆದರೆ, ಐಸ್‌ಕ್ರೀಮು ಕರಗಿ ಸರಾಗವಾಗಿ ಜಾರುತ್ತಿತ್ತು. ಸಾಂಚೊವಿನ ಕೊಳವೆಯೇ ಸರಿ! ವರ್ಜೀನಿಯಾದ ಹಾರ್ವೆ ಶುಗರ್‌ಮನ್ (ಕಾಗುಣಿತ ಬೇರೆಯಾದರೂ ಕಿವಿಗೆ ಸಕ್ಕರೆಯೇ ಕೇಳಿಸುವ ಹೆಸರು) ಮತ್ತು ಸಂಗಡಿಗರು ನಲವತ್ತು ಮಂದಿಯನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಎರಡು ವಿಧಾನಗಳನ್ನೂ ಹೋಲಿಸಿ 1987ರಲ್ಲಿ ಫಲವನ್ನು ಪ್ರಕಟಿಸಿದರು. ವರ್ಷ ಕಳೆದಾಗ, ಪಟ್ಟಿಯ ವಿಧಾನದಲ್ಲಿ ಸಿಹಿಪ್ರಿಯರು ಹೆಚ್ಚಿದ್ದ ತೂಕದಲ್ಲಿ ಕಳೆದುಕೊಂಡುದು ನೂರಕ್ಕೆ 36 ಪಾಲು, ಉಳಿದವರು 57 ಪಾಲು. ಬೈಪಾಸಿನಲ್ಲಾದರೋ ಇವರು 69, ಅವರು 67, ಭೇದವೇ ಇಲ್ಲ. ಕಾವಲುಗಾರನ ಬೆಲೆ ಲೆಕ್ಕಕ್ಕೆ ಸಿಕ್ಕಿತು. ಆಮೇಲೆ ನಡೆದ ಪರಿಶೀಲನೆಗಳೆಲ್ಲ ಇದನ್ನು ಒಪ್ಪಿಲ್ಲವೆಂಬುದನ್ನೂ ಹೇಳಬೇಕು.

ಕಾವಲುಗಾರನೂ ತೂಕಡಿಸುತ್ತಾನೆ. ಡಂಪಿಂಗ್ ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲಿಯೂ ಅನೇಕರಿಗೆ ಕಾಲಕ್ರಮದಲ್ಲಿ ತಗ್ಗುತ್ತದೆ. ಇಂದು ಪ್ರಪಂಚದಲ್ಲಿ ಹೆಚ್ಚು ನಡೆಯುವುದು ಜಠರದ ಬಹುಭಾಗವನ್ನು ಕತ್ತರಿಸಿ ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದುಮಾಡುವ ಚಿಕಿತ್ಸೆ. ಅದರಲ್ಲಿ ಈ ಕಾವಲು ಇನ್ನೂ ಸಡಿಲ. ಅದಕ್ಕೆ ಪ್ರತಿಯಾಗಿ ಬೇರೊಂದು ಲಾಭವುಂಟು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಎಂಬ ಹಸಿವಿನ ರಸ ಮುಖ್ಯವಾಗಿ ಹುಟ್ಟುವುದು ಆ ಕತ್ತರಿಸಿದ ಭಾಗದಲ್ಲಿಯೇ. ಆದುದರಿಂದ ಹಸಿವೇ ತಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ಎಷ್ಟೋ ಮಂದಿಗೆ ಸಿಹಿ ರುಚಿಸುವುದೂ ಇಲ್ಲ. ಆದರೆ ಹಸಿವು ಬೇರೆ, ಚಪಲ ಬೇರೆ; ನಮ್ಮ ಭಾಷೆ ಈ ಎರಡಕ್ಕೂ ಎರಡು ಪದಗಳನ್ನಿಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ತಿಂಗಳುಗಳು ಕಳೆದಂತೆ ನಾಲಗೆ ತನ್ನ ಹಳೆಯ ನೆನಪಿಗೆ ಮರಳುತ್ತದೆ, ಕೆಲವರಲ್ಲಿ ಇಳಿದ ತೂಕವೂ ಮರಳುತ್ತದೆ.

ವೈದ್ಯರು ಕೊಡುವ ಕ್ರಮ ಇದಕ್ಕಾಗಿಯೇ. ಊಟದಲ್ಲಿ ಮೊದಲು ಪ್ರೋಟೀನು: ಬೇಳೆ, ಮೊಸರು, ಮೊಟ್ಟೆ, ಮೀನು. ತುತ್ತು ಸಣ್ಣದು, ಅಗಿಯುವುದು ಬಹಳ. ಊಟದ ಜೊತೆಗೆ ನೀರಿಲ್ಲ, ಅರ್ಧ ಗಂಟೆ ತಡೆದು ಕುಡಿಯಬೇಕು. ಹಣ್ಣನ್ನು ತಿನ್ನಬಹುದು, ಅದರ ರಸ ಬೇಡ. ವಿಟಮಿನ್ನು, ಸುಣ್ಣಾಂಶ, ಕಬ್ಬಿಣಾಂಶಗಳ ಮಾತ್ರೆ ಜೀವಾವಧಿ. ಬೈಪಾಸ್ ಆದವರಿಗೆ ಮದ್ಯ ಬಹುಬೇಗ ತಲೆಗೇರುತ್ತದೆಯಾದುದರಿಂದ, ಚಪಲ ತಟ್ಟೆಯಿಂದ ಬಟ್ಟಲಿಗೆ ಹಾರದಂತೆ ಎಚ್ಚರವಿರಬೇಕು. ಊಟವಾದ ಮೇಲೆ ನಡುಕ, ಮಂಪರು ಮರುಕಳಿಸುತ್ತಿದ್ದರೆ ಸಕ್ಕರೆ ಮುಕ್ಕುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು. ಸ್ಥೂಲನಿಗೆ ಗುರುವಾದರೂ ಅಪತರ್ಪಣವಾದ, ಎಂದರೆ ಹೊಟ್ಟೆಯಲ್ಲಿ ನಿಂತರೂ ಮೈಯನ್ನು ಬೆಳೆಸದ ಆಹಾರ ಹಿತವೆಂದು ಚರಕನು ಹೇಳಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಅವನು ಜೇನುನೀರನ್ನೂ ಹೇಳಿದ್ದಾನೆ, ಅದನ್ನು ಮಾತ್ರ ಇಂದಿನ ವೈದ್ಯರು ಒಪ್ಪಲಾರರು.

ಈಗ ಬೆಂಗಳೂರಿನಲ್ಲಿಯೂ ಈ ಚಿಕಿತ್ಸೆಗಳು ನಡೆಯುತ್ತವೆ. ನಮ್ಮ ಅನೇಕ ಮನೆಗಳಲ್ಲಿ ಹಬ್ಬದ ಎಲೆಗೆ ಮೊದಲು ಬೀಳುವುದು ಪಾಯಸ. ಚಿಕಿತ್ಸೆಯಾದವರಿಗೆ ಅಲ್ಲಿಂದಲೇ ಕಷ್ಟ ಆರಂಭ. ಬೇಡವೆಂದರೆ, "ಒಂದೇ ಒಂದು ಹೋಳಿಗೆ, ನಮ್ಮಾಣೆ" ಎನ್ನುತ್ತಾರೆ. ಒಂದು ಚೂರು ಬಾಯಿಗಿಟ್ಟರೆ, ಅವರೇ ಹಿಂದಿನಿಂದ, "ಹೊಟ್ಟೆ ಕೊಯ್ಸಿಕೊಂಡರೂ ಆಸೆ ಹೋಗಲಿಲ್ಲ ನೋಡಿ" ಎನ್ನುತ್ತಾರೆ. ಈ ಎರಡನೆಯ ಮಾತಿಗೆ ಹೆದರಿ, ತಪ್ಪಿ ತಿಂದುದನ್ನು ವೈದ್ಯರಿಗೂ ಹೇಳದೆ, ತಪಾಸಣೆಗೂ ಹೋಗದೆ ಮನೆಯಲ್ಲುಳಿಯುವವರುಂಟು. ಬಡಿಸುವವರು ಪಾಯಸದ ಪಾತ್ರೆಯನ್ನು ಅವರ ಎಲೆಯ ಬಳಿ ನಿಲ್ಲಿಸದೆ, ತೊವ್ವೆಯ ಸೌಟನ್ನು ಮೊದಲು ತರಬಹುದು.