ಸ್ಪರ್ಧೆಗೆ ಹೂವಿನ ಚಿತ್ರ: ಕಾಡಿನ ಹೂವೋ, ತೋಟದ ಹೂವೋ?

ಚಳಿಗಾಲ ಮುಗಿಯುತ್ತಿದ್ದಂತೆ ರಾಮನಗರದ ಬಂಡೆಗಳ ನಡುವೆ ಮುತ್ತುಗ ಅರಳುತ್ತದೆ. ಚನ್ನಪಟ್ಟಣದ ಮಾವಿನ ತೋಪುಗಳು ಅದಕ್ಕೂ ಮುನ್ನವೇ ಹೂ ಹೊತ್ತು ನಿಂತಿರುತ್ತವೆ. ಭಾನುವಾರ ನಸುಕಿನಲ್ಲೇ ಬೆಂಗಳೂರಿನಿಂದ ಹೊರಟು ಬರುವ ಹವ್ಯಾಸಿ ಛಾಯಾಗ್ರಾಹಕರು ಸಂಜೆ ನೂರಾರು ಚಿತ್ರಗಳೊಂದಿಗೆ ಮರಳುತ್ತಾರೆ. ಅವುಗಳಲ್ಲಿ ಸ್ಪರ್ಧೆಯ ಒಂದು ವಿಭಾಗಕ್ಕೆ ಕಳುಹಿಸಬಹುದಾದವು ಸಾಮಾನ್ಯವಾಗಿ ನಾಲ್ಕು ಮಾತ್ರ.

ಆಯ್ಕೆಯ ಮೊದಲ ಪ್ರಶ್ನೆ ಚಿತ್ರ ಚೆನ್ನಾಗಿದೆಯೇ ಎಂಬುದಲ್ಲ, ಅದು ಯಾವ ವಿಭಾಗಕ್ಕೆ ಸೇರುತ್ತದೆ ಎಂಬುದು. 1971ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳ ಸಲೋನ್‌ಗಳಲ್ಲಿ ಮುಕ್ತ ವರ್ಣ, ಏಕವರ್ಣ, ನಿಸರ್ಗ ಮುಂತಾದ ವಿಭಾಗಗಳಿರುತ್ತವೆ. ನಿಸರ್ಗ ವಿಭಾಗಕ್ಕೆ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು 2014ರಲ್ಲಿ ಜಂಟಿ ವ್ಯಾಖ್ಯೆಯೊಂದನ್ನು ಒಪ್ಪಿಕೊಂಡವು. ಅದರಂತೆ ಮನುಷ್ಯ ಬೆಳೆಸಿದ ಗಿಡಗಳಿಗೂ ಕಸಿ ಮಾಡಿದ ಮಿಶ್ರತಳಿಗಳಿಗೂ ಅಲ್ಲಿ ಪ್ರವೇಶವಿಲ್ಲ.

ನಮ್ಮ ಭಾಗದ ಹವ್ಯಾಸಿಗಳು ಎಡವುವುದು ಇಲ್ಲಿಯೇ. ಕನಕಪುರದ ಹೊಲದ ಸೇವಂತಿಗೆ, ಚೆಂಡುಹೂವು, ಕನಕಾಂಬರ ಎಷ್ಟೇ ಸೊಗಸಾಗಿದ್ದರೂ ನಿಸರ್ಗ ವಿಭಾಗಕ್ಕೆ ಸಲ್ಲವು. ಹಳ್ಳಿಯ ಕಣ್ಣಿಗೆ ಅತ್ಯಂತ ಸಹಜವೆನಿಸುವ ಮಾವಿನ ಹೂಗೊಂಚಲೂ ಅಷ್ಟೇ, ತೋಪು ನೆಟ್ಟವನು ರೈತ. ಇವೆಲ್ಲ ಮುಕ್ತ ವಿಭಾಗಕ್ಕೆ ಹೋಗಬೇಕು. ರಾಮದೇವರ ಬೆಟ್ಟದ ಮುತ್ತುಗ, ಮಾಗಡಿ ತಾಲ್ಲೂಕಿನ ಸಾವನದುರ್ಗದ ಪೊದೆಗಳಲ್ಲಿ ಮಳೆಗಾಲದಲ್ಲಿ ಅರಳುವ ಅಗ್ನಿಶಿಖೆ, ದಾರಿ ಬದಿಯ ತುಂಬೆ, ವಿಷ್ಣುಕ್ರಾಂತಿ ಇವುಗಳಿಗೆ ಅಡ್ಡಿಯಿಲ್ಲ. ಎಲ್ಲೆಡೆ ಹಬ್ಬಿರುವ ಲಂಟಾನ ಮಾತ್ರ ತಗಾದೆಯ ಗಿಡ. ಈಗ ಕಾಡು ಸೇರಿದ್ದರೂ ಅದರ ಮೂಲ ಉದ್ಯಾನದ ಮಿಶ್ರತಳಿಗಳಲ್ಲಿದೆ. ಅದನ್ನು ನಿಸರ್ಗ ವಿಭಾಗದಿಂದ ದೂರವಿಡುವುದೇ ಲೇಸು.

ಹೂವು ಕಾಡಿನದೇ ಆದರೂ ಹಿನ್ನೆಲೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಬೆಟ್ಟದ ಮೆಟ್ಟಿಲು, ವಿದ್ಯುತ್ ತಂತಿ, ಯಾರೋ ಎಸೆದ ಪ್ಲಾಸ್ಟಿಕ್ ಚೀಲದ ಚೂರು ಇಣುಕಿದರೆ ಚಿತ್ರ ತಿರಸ್ಕೃತವಾಗಬಹುದು. ಅಂಚಿನಲ್ಲಿದ್ದರೆ ಕತ್ತರಿಸಿ ತೆಗೆಯಬಹುದು, ನಿಯಮ ಅದಕ್ಕೆ ಒಪ್ಪುತ್ತದೆ. ನಡುವಿನಲ್ಲಿದ್ದುದನ್ನು ತಂತ್ರಾಂಶದಿಂದ ಅಳಿಸುವುದಕ್ಕಾಗಲಿ, ಇಲ್ಲದ್ದನ್ನು ಸೇರಿಸುವುದಕ್ಕಾಗಲಿ ಒಪ್ಪುವುದಿಲ್ಲ. ಹಲವು ಫೋಕಸ್‌ಗಳಲ್ಲಿ ತೆಗೆದ ಒಂದೇ ದೃಶ್ಯವನ್ನು ಬೆಸೆಯುವುದಕ್ಕೆ ಅನುಮತಿಯಿದೆ.

ಇನ್ನು ಗುಣಮಟ್ಟ. ಮುತ್ತುಗದ ಕೆಂಗಿತ್ತಳೆಯಲ್ಲಿ ಕೆಂಪು ವರ್ಣ ಬೇಗನೆ ಮಿತಿಮೀರುತ್ತದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಝಗಮಗಿಸಿದ ಎಸಳು ಮನೆಯ ಕಂಪ್ಯೂಟರಿನಲ್ಲಿ ನೋಡಿದಾಗ ಗೆರೆಗಳೇ ಇಲ್ಲದ ಬಣ್ಣದ ಮುದ್ದೆಯಾಗಿರುತ್ತದೆ. ಅಂತಹವನ್ನು ಮರುಕವಿಲ್ಲದೆ ಬದಿಗಿಡಿ. ಮೋಡದ ಮೃದು ಬೆಳಕಿನಲ್ಲಿ ತೆಗೆದವು ಇದ್ದರೆ ಅವನ್ನೇ ಮೊದಲು ನೋಡಿ. ಕೇಸರಗಳು ಸ್ಪಷ್ಟವಾಗಿವೆಯೇ ಎಂದು ಪೂರ್ಣ ಗಾತ್ರದಲ್ಲಿ ಪರೀಕ್ಷಿಸಿ, ಬಳಿಕ ಅದೇ ಚಿತ್ರವನ್ನು ಅಂಚೆಚೀಟಿಯಷ್ಟು ಕಿರಿದಾಗಿಸಿ ನೋಡಿ. ತೀರ್ಪುಗಾರರ ಮುಂದೆ ಒಂದೊಂದು ಚಿತ್ರ ನಿಲ್ಲುವುದು ಕೆಲವೇ ಕ್ಷಣ. ಆಕಾರ ಅಷ್ಟರಲ್ಲೇ ಎದ್ದು ಕಾಣಬೇಕು. ಬೆಟ್ಟ ಹತ್ತಿದ ಬೆವರು ಅವರಿಗೆ ಕಾಣಿಸುವುದಿಲ್ಲ. ನೀರು ಚಿಮುಕಿಸಿ ಇಬ್ಬನಿ ಎನ್ನಿಸುವ ಹಳೆಯ ಉಪಾಯವನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

ಒಂದೇ ಹೂವಿನ ನಾಲ್ಕು ಚಿತ್ರ ಕಳುಹಿಸುವುದಕ್ಕಿಂತ ಒಂದು ಹೂವು, ಒಂದು ಮೊಗ್ಗು, ಮಕರಂದಕ್ಕೆ ಬಂದ ಸೂರಕ್ಕಿ, ಬಂಡೆಯ ನಡುವೆ ನಿಂತ ಇಡೀ ಮರ ಹೀಗೆ ಆರಿಸುವುದು ಉತ್ತಮ. ನಿಸರ್ಗ ವಿಭಾಗದಲ್ಲಿ ಗಿಡದ ಆವಾಸ ಕಾಣುವ ಚಿತ್ರಕ್ಕೆ ಬೆಲೆ ಹೆಚ್ಚು. ಶೀರ್ಷಿಕೆಗೆ ಕವಿತ್ವ ಬೇಡ. ಗಿಡದ ಹೆಸರು, ಸಾಧ್ಯವಾದರೆ ವೈಜ್ಞಾನಿಕ ನಾಮವೂ ಇರಲಿ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಹೂವಿಗಾಗಿ ದಾರಿ ಬಿಟ್ಟು ಬಂಡೆ ಏರುವುದು ಸಲ್ಲದು. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಫಲಿತಾಂಶ ಬರುವವರೆಗೂ ಅಳಿಸಬೇಡಿ. ಸಂದೇಹ ಬಂದರೆ ಸಂಘಟಕರು ಅದನ್ನೇ ಕೇಳುತ್ತಾರೆ.