ವಿಳಾಸ ಪುಸ್ತಕ ವರ್ಗಾವಣೆ

ಒಂದು ಇಮೇಲ್ ತಂತ್ರಾಂಶದಲ್ಲಿ ಕೂಡಿಟ್ಟ ಹೆಸರು, ಇಮೇಲ್, ದೂರವಾಣಿ ಸಂಖ್ಯೆ ಮತ್ತು ಅಂಚೆ ವಿಳಾಸಗಳನ್ನು ಇನ್ನೊಂದು ತಂತ್ರಾಂಶಕ್ಕೆ ಸಾಗಿಸುವ ಕ್ರಮ. ಒಂದು ಕಡೆ ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಇನ್ನೊಂದು ಕಡೆ ಇಂಪೋರ್ಟ್ ಮಾಡುವುದು ರೂಢಿ.

ಇತಿಹಾಸ: 1986ರಲ್ಲಿ ಆರಂಭವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಆಗ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಕಡತ ನಮೂನೆಯಿತ್ತು. ಆಪಲ್, ಎಟಿ ಅಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಕಂಪನಿಗಳ ಒಕ್ಕೂಟವಾದ ವರ್ಸಿಟ್, ವಿ-ಕಾರ್ಡ್ ಎಂಬ ಸಮಾನ ನಮೂನೆಯನ್ನು ರೂಪಿಸಿತು. ಅದರ 2.1ನೇ ಆವೃತ್ತಿ 1996ರಲ್ಲಿ, 3.0 ಆವೃತ್ತಿ 1998ರಲ್ಲಿ ಬಂದವು. 2011ರ 4.0 ಆವೃತ್ತಿ ಯುಟಿಎಫ್-8 ಸಂಕೇತ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು.

ಲಿಪಿಯ ತೊಡಕು: ‘ಯಲಹಂಕ’ ಎಂಬ ಹೆಸರು ಯೂನಿಕೋಡ್‌ನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ವಿ-ಕಾರ್ಡ್ 2.1ರಲ್ಲಿ ಬಳಸುವ ಕೋಟೆಡ್ ಪ್ರಿಂಟಬಲ್ ವಿಧಾನದಲ್ಲಿ ಒಂದು ಬೈಟಿಗೆ 3 ಚಿಹ್ನೆಯಂತೆ ಅದು 45 ಚಿಹ್ನೆಗಳ ಸಾಲಾಗುತ್ತದೆ. ಇದನ್ನು ಬಿಡಿಸಿ ಓದಲು ಬಾರದ ತಂತ್ರಾಂಶ ಊರಿನ ಹೆಸರಿನ ಜಾಗದಲ್ಲಿ ಆ ಚಿಹ್ನೆಗಳನ್ನೇ ತೋರಿಸುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಓದಲಾಗದ ಅಕ್ಷರಗಳೇ ಉಳಿಯುತ್ತವೆ.

ಹೆಸರು, ವಿಳಾಸ, ಸಂಖ್ಯೆ: ಬಹುತೇಕ ನಮೂನೆಗಳು ಹೆಸರನ್ನು ಮೊದಲ ಹೆಸರು, ಕುಲನಾಮ ಎಂದು ಒಡೆಯುತ್ತವೆ. ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಮುಂದಿರುವ ನಮ್ಮ ಹೆಸರುಗಳಲ್ಲಿ ಇನಿಷಿಯಲ್ಲೇ ಮೊದಲ ಹೆಸರಾಗಿ, ವ್ಯಕ್ತಿಯ ಸ್ವಂತ ಹೆಸರು ಕುಲನಾಮದ ಅಂಕಣಕ್ಕೆ ಹೋಗುತ್ತದೆ. ಆರ್.ಟಿ. ನಗರದ ವಿಳಾಸವೊಂದರಲ್ಲಿ ಮನೆ ಸಂಖ್ಯೆ, ಕ್ರಾಸ್, ಮೇನ್, ಬ್ಲಾಕ್‌ಗಳ ನಡುವೆ ಅಲ್ಪವಿರಾಮಗಳಿರುತ್ತವೆ. ಅಲ್ಪವಿರಾಮದಿಂದಲೇ ಅಂಕಣ ಬೇರ್ಪಡಿಸುವ ಸಿಎಸ್‌ವಿ ಕಡತದಲ್ಲಿ ವಿಳಾಸವನ್ನು ಉದ್ಧರಣ ಚಿಹ್ನೆಗಳೊಳಗೆ ಇಡದಿದ್ದರೆ ಪಿನ್‌ಕೋಡ್ 560032 ದೂರವಾಣಿಯ ಅಂಕಣಕ್ಕೆ ಜಾರಬಹುದು. ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಬೆಂಗಳೂರಿನ ದೂರವಾಣಿ ಕೋಡ್ 080ರ ಮೊದಲ ಸೊನ್ನೆ ಬಿದ್ದುಹೋಗುತ್ತದೆ. 91 ಸೇರಿದ 12 ಅಂಕಿಗಳ ಮೊಬೈಲ್ ಸಂಖ್ಯೆ ಘಾತ ರೂಪಕ್ಕೆ ತಿರುಗುತ್ತದೆ. ಹಾಗೆಯೇ ಸೇವ್ ಮಾಡಿದರೆ ಕೊನೆಯ ಅಂಕಿಗಳು ಮತ್ತೆ ಸಿಗುವುದಿಲ್ಲ. ಬೆಂಗಳೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದ ಮೇಲೆ, ಎರಡೂ ರೂಪಗಳಿರುವ ಪಟ್ಟಿಗಳಲ್ಲಿ ಊರಿನ ಪ್ರಕಾರ ಹುಡುಕುವಾಗ ಕೆಲವು ವಿಳಾಸಗಳು ತಪ್ಪಿಹೋಗುತ್ತವೆ.

ಇಂದಿನ ಬಳಕೆ: ಕನ್ನಡದ ಹೆಸರುಗಳಿರುವ ಪಟ್ಟಿಗೆ ಯುಟಿಎಫ್-8ರ ವಿ-ಕಾರ್ಡ್ ಕಡತವೇ ಹೆಚ್ಚು ಸುರಕ್ಷಿತ. ಸಿಎಸ್‌ವಿ ಅನಿವಾರ್ಯವಾದರೆ ದೂರವಾಣಿ ಸಂಖ್ಯೆಯ ಅಂಕಣವನ್ನು ಪಠ್ಯವೆಂದು ಗುರುತಿಸಿ ತೆರೆಯಬೇಕು. ಹೊಸ ಪಟ್ಟಿಯನ್ನು ಹಳೆಯದರೊಂದಿಗೆ ತಾಳೆ ನೋಡುವವರೆಗೆ ಮೂಲ ಕಡತವನ್ನು ಅಳಿಸಬಾರದು.