ತಪ್ಪಲಿನ ಸದ್ದಿಲ್ಲದ ಹಾದಿಗಳು

ದಾರಿಗಳ ಚರಿತ್ರೆಯನ್ನು ಬರೆದವರೆಲ್ಲ ಸಾಮಾನ್ಯವಾಗಿ ಜನ ತುಂಬಿ ಹರಿದ ದಾರಿಗಳನ್ನು ಕುರಿತೇ ಬರೆದಿದ್ದಾರೆ. ದಂಡು ನಡೆದ ದಾರಿ, ಸರಕು ಸಾಗಿದ ದಾರಿ, ರೈಲಿನ ಹಳಿ ಬಿದ್ದ ದಾರಿ, ಇವಕ್ಕೆ ದಾಖಲೆಗಳಿವೆ. ಸಂಚಾರ ವಿರಳವಾದ ಹಾದಿಗೂ ಒಂದು ಚರಿತ್ರೆ ಉಂಟು, ಅದು ಹಾಗೆ ವಿರಳವಾದದ್ದಕ್ಕೂ ಕಾರಣಗಳುಂಟು ಎಂಬುದು ನಮ್ಮ ಗಮನಕ್ಕೆ ಬರುವುದು ಕಡಮೆ. ಮೈಸೂರು ಜಿಲ್ಲೆಯ ಪಶ್ಚಿಮದಂಚಿನ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಒಳದಾರಿಗಳಲ್ಲಿ ನಾನು ಅನೇಕ ವರ್ಷ ಸೈಕಲ್ಲಿನಲ್ಲಿ ಓಡಾಡಿದ್ದೇನೆ. ಆ ದಾರಿಗಳ ನಿಶ್ಶಬ್ದವನ್ನು ಹೊಗಳದ ಪ್ರವಾಸಿಯಿಲ್ಲ. ಆದರೆ ಅದು ಪ್ರಕೃತಿ ತಾನಾಗಿ ಕೊಟ್ಟ ವರವಲ್ಲವೆಂದೂ, ಅದರ ಬಹುಪಾಲು ಮನುಷ್ಯರು ಮಾಡಿದ್ದೆಂದೂ, ಅದಕ್ಕೆ ಬೆಲೆ ತೆತ್ತವರು ಬೇರೆಯವರೆಂದೂ ನನಗೆ ತೋರುತ್ತದೆ. ಈ ಮಾತನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಬೇಕೆಂದಿದ್ದೇನೆ.

ಮೊದಲಿಗೆ ನೆಲದ ಸ್ವರೂಪ. ಪಡುವಣಕ್ಕೆ ಕೊಡಗಿನ ಬೆಟ್ಟಗಳು ಮತ್ತು ಬ್ರಹ್ಮಗಿರಿಯ ಸಾಲು. ಅವುಗಳ ಮಡಿಲಿನಿಂದ ಇಳಿದು ಬರುವ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳು. ಇದು ಘಟ್ಟವಲ್ಲ, ಬಯಲೂ ಅಲ್ಲ. ಒಂದು ಏರು, ಒಂದು ಇಳಿವು, ಇಳಿವಿನ ತಳದಲ್ಲೊಂದು ಹಳ್ಳ ಅಥವಾ ಕೆರೆ, ಮತ್ತೆ ಒಂದು ಏರು. ಬಸ್ಸಿನಲ್ಲಿ ಕುಳಿತವನಿಗೆ ಈ ಭೇದ ತಿಳಿಯದು. ಸೈಕಲ್ ತುಳಿಯುವವನಿಗೆ ಮೊಣಕಾಲೇ ಭೂಗೋಳವನ್ನು ಪಾಠ ಹೇಳುತ್ತದೆ. ಇದಕ್ಕೆ ಹಲವು ಗೇರುಗಳ ವಿದೇಶೀ ಯಂತ್ರವೇ ಬೇಕೆಂದಿಲ್ಲ. ಹಾಲಿನ ಕ್ಯಾನು ಹೊರುವ ಸಾಧಾರಣ ಕಬ್ಬಿಣದ ಸೈಕಲ್ಲೂ ಸಾಕು, ತುಳಿಯುವವನಿಗೆ ಅವಸರವಿಲ್ಲದಿದ್ದರೆ.

ಗಾಳಿ ತುಂಬುವ ರಬ್ಬರ್ ಟೈರನ್ನು ಡನ್‌ಲಪ್ ರೂಪಿಸಿದ್ದು 1888ರಲ್ಲಿ. ನಮ್ಮ ದೇಶದಲ್ಲಿ ಸೈಕಲ್ ಬಹುಕಾಲ ಆಮದಿನ ವಸ್ತುವಾಗಿತ್ತು. ಸ್ವಾತಂತ್ರ್ಯದ ಆಸುಪಾಸಿನ ದಶಕದಲ್ಲಿ ಮದರಾಸು, ಆಸನ್‌ಸೋಲ್, ಸೋನಿಪತ್, ಲೂಧಿಯಾನಗಳ ಕಾರ್ಖಾನೆಗಳು ತಲೆಯೆತ್ತಿದ ಮೇಲಷ್ಟೇ ಅದು ಹಳ್ಳಿಯ ಮೇಷ್ಟರ, ಅಂಚೆಯವನ, ಹಾಲಿನವನ ಕೈಗೆ ಬಂತು. ನಮ್ಮಲ್ಲಿ ಸೈಕಲ್ ಎಂದೂ ವಿಹಾರದ ವಾಹನವಾಗಿ ಮೊದಲಾಗಲಿಲ್ಲ ಎಂಬುದನ್ನು ನೆನಪಿಡಬೇಕು. 2008ರಲ್ಲಿ ಆರಂಭವಾದ ನೀಲಗಿರಿ ಸೈಕಲ್ ಯಾತ್ರೆಯಂಥವು ಬಣ್ಣಬಣ್ಣದ ಅಂಗಿ ತೊಟ್ಟ ನೂರಾರು ಮಂದಿಯನ್ನು ಈ ಸೀಮೆಯ ಬೆಟ್ಟದ ದಾರಿಗಳಿಗೆ ಕರೆತಂದಿವೆ, ಸಂತೋಷವೇ. ಆದರೆ ಈ ಹಾದಿಗಳನ್ನು ಸೈಕಲ್ಲಿಗೆ ಒಗ್ಗಿಸಿದವರು ಅವರಲ್ಲ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಹೂಡಿದಾಗ, ಹೈಸ್ಕೂಲಿಗೆ ಹೋಗಲಾರದೆ ಮನೆಯಲ್ಲಿ ಉಳಿಯುತ್ತಿದ್ದ ಎಷ್ಟೋ ಹುಡುಗಿಯರಿಗೆ ಐದಾರು ಮೈಲಿಯ ದಾರಿ ದಕ್ಕಿತು. ಸೈಕಲ್ಲಿನ ಚರಿತ್ರೆಯಲ್ಲಿ ನನಗೆ ಇದು ಯಾವ ಯಾತ್ರೆಗಿಂತಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕೃಷ್ಣರಾಜನಗರದಿಂದ ಹೊರಡೋಣ. ಕಾವೇರಿಯ ದಡದ ಹಳೆಯ ಎಡತೊರೆ ಪ್ರವಾಹಕ್ಕೆ ಮತ್ತೆ ಮತ್ತೆ ತುತ್ತಾಗುತ್ತಿದ್ದುದರಿಂದ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಅದರ ಬಳಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಊರಿನ ಅಗಲವಾದ ನೇರ ಬೀದಿಗಳಲ್ಲಿ ಆ ಕಾಲದ ಯೋಜನೆಯ ಗುರುತು ಇನ್ನೂ ಇದೆ. ನದಿಯ ಬಳಿಯ ಅರ್ಕೇಶ್ವರ ಮಾತ್ರ ಹಳೆಯ ಎಡತೊರೆಯಲ್ಲೇ ಉಳಿದ. ಮುಂದಕ್ಕೆ ಚುಂಚನಕಟ್ಟೆಯವರೆಗೆ ನಾಲೆಯ ಏರಿ, ಎರಡು ಬದಿಗೂ ಭತ್ತದ ಗದ್ದೆ. ಕೋದಂಡರಾಮನ ಗುಡಿಯ ಕೆಳಗೆ ಕಾವೇರಿ ಧುಮುಕುವ ಸದ್ದನ್ನು ಬಿಟ್ಟರೆ ಬೇರೆ ಗದ್ದಲವಿಲ್ಲ. ಇಲ್ಲಿಯ ಶಾಂತಿ ನೀರಾವರಿಯ ಶಾಂತಿ. ಅದರ ಬಗ್ಗೆ ಹೆಚ್ಚು ಹೇಳುವಂಥದಿಲ್ಲ.

ಬೆಟ್ಟದಪುರದ ದಿಕ್ಕಿಗೆ ತಿರುಗಿದಾಗ ಕಥೆ ಬೇರೆಯಾಗುತ್ತದೆ. ನಾಲ್ಕು ಸಾವಿರ ಅಡಿಗೆ ಮೀರಿದ ಶಂಕುವಿನಾಕಾರದ ಬೆಟ್ಟ ಬಹುದೂರದಿಂದಲೇ ಕಾಣುತ್ತದೆ; ಅದರ ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನ. ಈ ಸೀಮೆಯನ್ನು ಆಳಿದವರು ಚೆಂಗಾಳ್ವರು. ಅವರ ಆಶ್ರಯದ ಮಂತ್ರಿವಂಶದಲ್ಲಿ ಹುಟ್ಟಿ ಹುಣಸೂರು ಸೀಮೆಯ ಕಲ್ಲಹಳ್ಳಿಯನ್ನು ಆಳಿದವನು ಮೂರನೆಯ ಮಂಗರಸ. ಹದಿನಾರನೆಯ ಶತಮಾನದ ಆದಿಯಲ್ಲಿ ‘ಸಮ್ಯಕ್ತ್ವ ಕೌಮುದಿ’ಯನ್ನೂ, ಅಡುಗೆಯನ್ನು ಕುರಿತ ‘ಸೂಪಶಾಸ್ತ್ರ’ವನ್ನೂ ಬರೆದ ಕವಿ ಇವನೇ. (ಅದೇ ಕಲ್ಲಹಳ್ಳಿ ನಮ್ಮ ಕಾಲದಲ್ಲಿ ದೇವರಾಜ ಅರಸರನ್ನೂ ‘ವೈಶಾಖ’ದ ಚದುರಂಗರನ್ನೂ ಕೊಟ್ಟಿತು. ಒಂದು ಹಳ್ಳಿಗೆ ಇಷ್ಟು ಕೀರ್ತಿ ಸಾಕು.) ಹದಿನೇಳನೆಯ ಶತಮಾನದ ನಡುವಿನಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣವನ್ನು ಗೆದ್ದುಕೊಂಡಾಗ ಚೆಂಗಾಳ್ವರ ಆಳ್ವಿಕೆ ಮುಗಿಯಿತು. ಅಲ್ಲಿಂದ ಮುಂದೆ ಇದು ಮೈಸೂರಿಗೂ ಕೊಡಗಿಗೂ ನಡುವಣ ಗಡಿಯಾಯಿತು. ಗಡಿನಾಡಿನ ಪಾಡು ಎಲ್ಲೆಡೆಯೂ ಒಂದೇ. ಹೈದರನ ಕಾಲದಲ್ಲಿ ಕಾದಾಟ, ಟಿಪ್ಪುವಿನ ಕಾಲದಲ್ಲಿ ಕಾದಾಟ. ಕೊನೆಗೆ ಅಬರ್‌ಕ್ರೊಂಬಿಯ ಮುಂಬಯಿ ಸೈನ್ಯ ಕೊಡಗಿನ ಮೂಲಕ ಬರುತ್ತಿದೆಯೆಂದು ತಿಳಿದು ಟಿಪ್ಪುವೇ ಈ ಕೋಟೆಯನ್ನು ಹಾಳುಗೆಡವಿಸಿದನು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದ. ಅವನು ಕಂಡ ಪಿರಿಯಾಪಟ್ಟಣದ ಪಾಳುಕೋಟೆಯಲ್ಲಿ ಹುಲಿಗಳು ನೆಲೆಸಿದ್ದವು. ಹಾಡುಹಗಲಿನಲ್ಲೂ ಒಂಟಿ ಮನುಷ್ಯ ಅದರೊಳಕ್ಕೆ ಕಾಲಿಡಲು ಹೆದರಬೇಕಾಗಿತ್ತು. ಅರಸರ ಅರಮನೆಯಿದ್ದ ಊರಿನ ಗತಿ ಇದಾದರೆ ಸುತ್ತಣ ಹಳ್ಳಿಗಳದ್ದನ್ನು ಊಹಿಸಬಹುದು. ಬೆಟ್ಟದಪುರದಿಂದ ಪಿರಿಯಾಪಟ್ಟಣದ ಕಡೆಗೆ ಸೈಕಲ್ಲಿನಲ್ಲಿ ಹೋಗುವಾಗ ಹಳ್ಳಿಗಳ ನಡುವಣ ಅಂತರ ದೊಡ್ಡದೆನ್ನಿಸಿ ಹಾಯೆನಿಸಿದಾಗಲೆಲ್ಲ ನನಗೆ ಬುಕಾನನ್ನನ ಆ ಪುಟಗಳು ನೆನಪಾಗುತ್ತವೆ. ಯುದ್ಧ ಮನೆಗಳನ್ನು ಖಾಲಿ ಮಾಡಿದ್ದರಿಂದಲೂ ಒಂದು ಬಗೆಯ ಮೌನ ಹುಟ್ಟುತ್ತದೆ.

ಆ ಖಾಲಿ ನೆಲಕ್ಕೆ ಮತ್ತೊಂದು ದೇಶದ ಯುದ್ಧದಿಂದ ಓಡಿಬಂದವರು ಸೇರಿದ್ದು ಚರಿತ್ರೆಯ ಒಂದು ವಿಚಿತ್ರ. ಅಂದಿನ ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಬೈಲುಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. 1960ರ ಕೊನೆಯಿಂದ ಅವರು ಬಂದು ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಯಾತ್ರಿಕರ ಬಸ್ಸುಗಳು ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಹೊರಟುಹೋಗುತ್ತವೆ. ಶಿಬಿರಗಳ ನಡುವಣ ಹೊಲದ ದಾರಿಗಳನ್ನು ಸೈಕಲ್ಲಿನವನಿಗೆ ಬಿಟ್ಟುಕೊಡುತ್ತವೆ.

ಅಲ್ಲಿಂದ ತೆಂಕಣಕ್ಕೆ, ಹೆದ್ದಾರಿ ದಾಟಿ, ಲಕ್ಷ್ಮಣತೀರ್ಥದ ಕಟ್ಟೆಯಿರುವ ಹನಗೋಡಿಗೆ ಬರಬೇಕು. ಇಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ರಾಜ್ಯ. ಮಳೆಗಾಲದ ಕೊನೆಗೆ ಬಂದರೆ ಹೊಲದ ಬದಿಯ ಬ್ಯಾರನ್ನುಗಳಲ್ಲಿ ಸೌದೆ ಉರಿಯುತ್ತಿರುತ್ತದೆ; ಬೇಯುವ ಸೊಪ್ಪಿನ ಸಿಹಿಗಂಪು ದಾರಿಯುದ್ದಕ್ಕೂ ಬರುತ್ತದೆ. ಆ ಗಂಪು ಹಿತವೆನ್ನಿಸಿದರೂ ಅಷ್ಟು ಸೌದೆ ಎಲ್ಲಿಂದ ಬಂತೆಂದು ಕೇಳದಿರಲಾಗದು. ಹನಗೋಡಿನ ಆಚೆ ನಾಗರಹೊಳೆಯ ಕಾಡು. ಅದರ ಮೌನ ಇನ್ನೊಂದು ಬಗೆಯದು. 1955ರಲ್ಲಿ ಅದು ವನ್ಯಜೀವಿಧಾಮವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ. ಒಳಗಿದ್ದ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಲ್ಲಿ ಹಲವು ಒಂದೊಂದಾಗಿ ಹೊರಬಂದವು. ಹುಣಸೂರು ತಾಲೂಕಿನ ನಾಗಾಪುರದಲ್ಲಿ ಅಂಥವರ ಪುನರ್ವಸತಿ ಗ್ರಾಮಗಳಿವೆ. ಅದೇ ಕಾಡಿನೊಳಗೆ ವಿಲಾಸಿ ಪ್ರವಾಸಿಗಳಿಗೊಂದು ವಸತಿಗೃಹ ಏಳತೊಡಗಿದಾಗ ಆದಿವಾಸಿಗಳೇ ಅದನ್ನು ಎದುರಿಸಿ ನಿಂತರು. 1997ರಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆಹಾಕಿತು. ನಿಶ್ಶಬ್ದವನ್ನು ಅನುಭವಿಸುವ ಹಕ್ಕು ದೂರದಿಂದ ಬಂದವರಿಗೆ, ಅದರಲ್ಲೇ ಹುಟ್ಟಿದವರಿಗಿಲ್ಲ ಎಂಬ ನ್ಯಾಯ ನನಗಂತೂ ಅರ್ಥವಾಗಿಲ್ಲ.

ಹೆಗ್ಗಡದೇವನಕೋಟೆಯ ಅಂತರಸಂತೆ, ಕಾಕನಕೋಟೆಗಳ ಹಾದಿ ಮಾನಂದವಾಡಿಗೆ ಹೋಗುವ ಹಳೆಯ ದಾರಿ. ಮಾಸ್ತಿಯವರ ನಾಟಕದಿಂದ, 1977ರಲ್ಲಿ ಬಂದ ಸಿ. ಆರ್. ಸಿಂಹರ ಚಲನಚಿತ್ರದಿಂದ ಕಾಕನಕೋಟೆಯ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಅದಕ್ಕೂ ಮೊದಲು ಅದು ಖೆಡ್ಡಾದಿಂದ ಪ್ರಸಿದ್ಧವಾಗಿತ್ತು. ತಮಟೆ, ಕೊಂಬು, ಪಂಜು, ಆನೆಗಳ ಘೀಳು, ಅರಮನೆಯ ಅತಿಥಿಗಳ ಡೇರೆಗಳು. ಈ ಕಾಡು ಒಂದು ಕಾಲಕ್ಕೆ ಮೌನವಾಗಿಯೇ ಇರಲಿಲ್ಲ! ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ನದೀತೀರ ಬಹುಮಟ್ಟಿಗೆ ನೀರಿನಡಿಗೆ ಹೋಯಿತು. ಅದರೊಡನೆ ಹಲವು ಹಳ್ಳಿಗಳೂ ಹೋದವು. ಪುನ್ನಾಟರ ರಾಜಧಾನಿಯಾಗಿದ್ದ ಕಿತ್ತೂರು ಕೂಡ ಈ ಕಪಿಲೆಯ ದಡದ್ದು. ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯ ಸಿಗುವ ನಾಡೆಂದು ಹೇಳಿದ್ದು ಈ ಪುನ್ನಾಟವನ್ನೇ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಸತ್ತ ಮರಗಳ ಕಾಂಡಗಳು ಸಾಲಾಗಿ ನಿಂತಿರುತ್ತವೆ, ಆನೆಗಳು ಹಿಂಡುಹಿಂಡಾಗಿ ಹುಲ್ಲಿಗೆ ಬರುತ್ತವೆ. ರಾತ್ರಿ ಕಾಡಿನ ದಾರಿಯಲ್ಲಿ ವಾಹನ ಸಂಚಾರಕ್ಕೆ ತಡೆಯಿದೆ. ಸೈಕಲ್ಲಿನವನು ಕತ್ತಲಿಗೆ ಬಹಳ ಮೊದಲೇ ಕೋಟೆಗೆ ಹಿಂದಿರುಗಿರಬೇಕು; ಇದು ಕಾನೂನಿನ ಮಾತಷ್ಟೇ ಅಲ್ಲ, ಆನೆಗೆ ತೋರಬೇಕಾದ ಮರ್ಯಾದೆ.

ಕೋಟೆಯಿಂದ ಕೃಷ್ಣರಾಜನಗರಕ್ಕೆ ಮರಳಬೇಕಾದರೆ ಹುಣಸೂರಿನಲ್ಲಿ ಮತ್ತೊಮ್ಮೆ ಹೆದ್ದಾರಿಯನ್ನು ಅಡ್ಡಹಾಯಲೇಬೇಕು. ಹುಣಸೂರು ಬೆಳೆದದ್ದೇ ಈ ದಾರಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿದ್ದ ಊರು ಇದು. ಕೊಡಗಿನ ಕಾಫಿ ಗಾಡಿಗಳ ಮೇಲೆ ಇಳಿದು ಬಂದು ಇಲ್ಲಿ ಹದಗೊಳ್ಳುತ್ತಿತ್ತು. ಭಾರವನ್ನೆಲ್ಲ ಇದೊಂದೇ ದಾರಿ ಹೊತ್ತದ್ದರಿಂದ ಅಕ್ಕಪಕ್ಕದ ಹಾದಿಗಳು ಹಗುರವಾಗಿ ಉಳಿದವು. ಮೈಸೂರಿನಿಂದ ಕುಶಾಲನಗರದವರೆಗೆ 92 ಕಿಲೋಮೀಟರು ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು. ಆಗಲೇ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಅದೇ ವರ್ಷದ ಆಗಸ್ಟಿನಲ್ಲಿ ದ್ವಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಯಂತ್ರವಿಲ್ಲದ ವಾಹನಗಳನ್ನೂ ಹೊರಗಿಟ್ಟರು. ವೇಗದ ದಾರಿಗೆ ಅದು ಅವಶ್ಯವೇ ಇರಬಹುದು. ಆದರೆ ದಾರಿಯ ಈಚೆಗೆ ಮನೆ, ಆಚೆಗೆ ಹೊಲ ಇರುವವನ ಪಾಲಿಗೆ ಹೆದ್ದಾರಿಯೆಂದರೆ ಎಲ್ಲಿಗೋ ಹೋಗುವ ದಾರಿಯಲ್ಲ, ದಾಟಬೇಕಾದ ಹೊಳೆ. ನಕ್ಷೆಯಲ್ಲಿ ಕೆಳಸೇತುವೆಯನ್ನು ಎರಡು ಮೈಲಿ ಅತ್ತ ಸರಿಸುವುದು ಪೆನ್ಸಿಲಿನ ಒಂದು ಗೀಟು. ಕ್ಯಾರಿಯರಿಗೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡವನಿಗೆ ಅದು ದಿನಕ್ಕೆರಡು ಬಾರಿ ಎರಡೆರಡು ಮೈಲಿ. ಹುಣಸೂರಿನಿಂದ ಬೈಲುಕುಪ್ಪೆಯವರೆಗೆ ಅಂಥ ಎಷ್ಟು ಹಳ್ಳಿಗಾಡಿನ ಹಾದಿಗಳು ಈ ಹೆದ್ದಾರಿಯನ್ನು ಅಡ್ಡಹಾಯುತ್ತವೆಂಬುದನ್ನು ಕೆಲಸ ನಡೆಯುವ ಮೊದಲು ಯಾರಾದರೂ ಸೈಕಲ್ ತುಳಿದು ಎಣಿಸಬೇಕು.